ಮುಟ್ಟದ ಫೋನು

"ಮುಟ್ಟಿಲ್ಲ!"

ಚೆಂಗ್ ಹುವಾತ್ ಅಂಗಡಿಯ ಹೊಸ್ತಿಲಲ್ಲೇ ನಿಂತು ಕೂಗಿದ. ಗೈಕ್ ಲಾನ್ ಅಂಟು ಹಚ್ಚುತ್ತಿದ್ದ ಕಾಗದದ ಕಾರನ್ನು ಕೆಳಗಿಟ್ಟು ತಲೆಯೆತ್ತಿದಳು. ಎದುರಿನ ಕಾಫಿ ಅಂಗಡಿಯಲ್ಲಿ ಕುಳಿತವರೂ ಕತ್ತು ಹೊರಳಿಸಿದರು.

"ಏನು ಮುಟ್ಟಿಲ್ಲ?"

"ಮಗಳಿಗೆ ಅಂತ ಸುಟ್ಟು ಕಳಿಸಿದ ಫೋನು. ಕನಸಿಗೆ ಬಂದೇ ಇಲ್ಲ ಅವಳು."

ಪೆನಾಂಗಿನ ಆ ಓಣಿಯಲ್ಲಿ ಗೈಕ್ ಲಾನಳ ಕೈಗುಣದ ಬಗ್ಗೆ ಯಾರೂ ಹಾಗೆ ಆಡಿದ್ದಿಲ್ಲ. ಬಿದಿರು ಸೀಳಿ, ಬಣ್ಣದ ಕಾಗದ ಅಂಟಿಸಿ ಅವಳು ಮಾಡಿದ ಮನೆ, ಕಾರು, ಕೋಟು ಏನೇ ಇರಲಿ, ಸುಟ್ಟರೆ ಸಾಕು, ಸತ್ತವರ ಕೈ ಸೇರುತ್ತಿತ್ತು. ಸೇರಿದ್ದಕ್ಕೆ ಗುರುತು ಕನಸು. ಕಾಗದದ ಹಲ್ಲುಸೆಟ್ಟು ಕಳಿಸಿದ ಮನೆಯವರ ಕನಸಿಗೆ ಅವರ ಅಜ್ಜ ಕಬ್ಬು ಜಗಿಯುತ್ತಲೇ ಬಂದಿದ್ದನಂತೆ. ಈಗಿನವರು ಫೋನು ಕೇಳುತ್ತಿದ್ದರು. ಅವಳು ಚಾರ್ಜರು ಸಮೇತ ಮಾಡಿಕೊಡುತ್ತಿದ್ದಳು.

ಚೆಂಗ್ ಹುವಾತ್ ಹಿಂದೆ ಹಡಗುಕಟ್ಟೆಯಲ್ಲಿ ಟಿಕೆಟ್ ಹರಿಯುತ್ತಿದ್ದವನು. ಹೆಂಡತಿ ಎಂದೋ ತೀರಿಕೊಂಡಿದ್ದಳು. ಇದ್ದವಳು ಒಬ್ಬಳೇ ಮಗಳು, ಪೇ ಶಾನ್. ಫೋನು ಮಾಡಿಸಲು ಬಂದ ದಿನ ಅವಳ ಹೆಸರು ಹೇಳಿದ, ಹುಟ್ಟಿದ ದಿನ ಹೇಳಿದ. ತೀರಿಕೊಂಡ ದಿನ ಕೇಳಿದರೆ "ಅದೆಲ್ಲ ಬೇಡ" ಎಂದ. ಕೆಲವು ಅಪ್ಪಂದಿರ ಬಾಯಿಂದ ಆ ದಿನ ಹೊರಡುವುದಿಲ್ಲ ಎಂದುಕೊಂಡಳು ಲಾನ್. ಕೆದಕಲಿಲ್ಲ.

"ಹುವಾತಣ್ಣ, ಅಲ್ಲಿ ನೆಟ್‌ವರ್ಕ್ ಇಲ್ವೇನೋ!" ಕಾಫಿ ಸೋಸುತ್ತಿದ್ದ ಆಹ್ ಸೂನ್ ಕೂಗಿದ. "ಒಂದು ಟವರ್ ಸುಟ್ಟು ಕಳಿಸು ಮೊದಲು!"

ಓಣಿಯೆಲ್ಲ ನಕ್ಕಿತು. ಯಾರೋ ವಿಡಿಯೋ ಮಾಡಿದರು. ಸಂಜೆಯ ಹೊತ್ತಿಗೆ ದೇಶವೇ ನೋಡಿತು. 'ಪರಲೋಕಕ್ಕೆ ಡೆಲಿವರಿ ಆಗದ ಫೋನು, ಗ್ರಾಹಕ ಗರಂ' ಎಂದು ಟಿವಿಯವರು ವಾರ್ತೆಯ ಕೊನೆಗೆ ನಗುನಗುತ್ತ ಓದಿದರು. ಮಾರನೆಯ ದಿನದಿಂದ ಕಾಲೇಜು ಹುಡುಗಿಯರು ಅಂಗಡಿ ಮುಂದೆ ನಿಂತು ಫೋಟೋ ತೆಗೆದುಕೊಂಡರು. "ಆಂಟೀ, ವಾಪಸ್ ಕೊಟ್ಟರೆ ಬದಲಾಯಿಸಿ ಕೊಡ್ತೀರಾ?"

ಲಾನಳಿಗೆ ಅವಮಾನವಾಯಿತು. ಎರಡನೆಯ ಫೋನನ್ನು ಬಿಟ್ಟಿಯಾಗಿ ಮಾಡಿದಳು. ಜೊತೆಗೆ ನಿಜಕ್ಕೂ ಒಂದು ಟವರ್ ಮಾಡಿದಳು. ತಾನೇ ನಿಂತು ಗುಡಿಯ ಮುಂದಿನ ಕಬ್ಬಿಣದ ಪೀಪಾಯಿಯಲ್ಲಿ ಸುಟ್ಟಳು. ಬೂದಿ ಆರುವವರೆಗೂ ಚೆಂಗ್ ಹುವಾತ್ ಕದಲಲಿಲ್ಲ.

ಮುಂದಿನ ವಾರ ಮತ್ತೆ ಬಂದ. "ಮುಟ್ಟಿಲ್ಲ!" ಎಂದು ಓಣಿಗೆಲ್ಲ ಕೇಳುವಂತೆ ಹೇಳಿದ. ಆಮೇಲೆ ಎದುರಂಗಡಿಗೆ ಹೋಗಿ ಎರಡು ತಟ್ಟೆ ಟೋಸ್ಟ್ ತಿಂದ.

"ದೂರು ಕೊಡೋ ದಿನವೇ ನಿನಗೆ ಹೊಟ್ಟೆ ಚೆನ್ನಾಗಿ ಹಸಿಯುತ್ತೆ ನೋಡು," ಎಂದ ಆಹ್ ಸೂನ್.

ಲಾನ್ ಅಲ್ಲಿಗೇ ಬಂದಳು. "ಅವಳ ಬಟ್ಟೆ ಒಂದು ಚೂರು ತಾ. ಒಳಗೆ ಅಂಟಿಸಿದರೆ ತಪ್ಪೋ ಮಾತೇ ಇಲ್ಲ. ನಮ್ಮಪ್ಪ ಕಲಿಸಿಕೊಟ್ಟ ವಿದ್ಯೆ."

ಅವನು ಟೋಸ್ಟ್ ಕೆಳಗಿಟ್ಟ. "ಬಟ್ಟೆ ಬೇಡ."

"ಯಾಕೆ?"

"ಹೀಗೇ ಕಳಿಸು ಲಾನಕ್ಕ. ನಿನ್ನ ಕೈ ಮೇಲೆ ನಂಬಿಕೆ ಇದೆ ನನಗೆ."

"ನಂಬಿಕೆ ಇರೋನು ಬೀದೀಲಿ ನಿಂತು ಮಾನ ಕಳೀತಾನಾ?"

ಮೂರನೆಯದೂ ಮುಟ್ಟಲಿಲ್ಲ. ಚೀನೀ ಪಂಚಾಂಗದ ಏಳನೇ ತಿಂಗಳು ಹತ್ತಿರವಿತ್ತು. ಸತ್ತವರೆಲ್ಲ ಮನೆಗೆ ಬರುವ ತಿಂಗಳು. ಲಾನಳಿಗೆ ಉಣ್ಣಲೂ ಪುರಸೊತ್ತಿರಬಾರದ ಕಾಲ. ಆದರೆ ಹಳೆಯ ಗಿರಾಕಿಗಳು ಮುಖ ತಪ್ಪಿಸಿ ಪಕ್ಕದ ಓಣಿಗೆ ಹೋಗುತ್ತಿದ್ದರು. ನಗೆಪಾಟಲಾದ ಕೈಯಿಂದ ತಮ್ಮ ತಾಯಿಗೆ ಮನೆ ಕಳಿಸಲು ಯಾರಿಗೆ ಧೈರ್ಯ?

ಒಂದು ಬೆಳಿಗ್ಗೆ ಅವಳು ಚೆಂಗ್ ಹುವಾತನ ಮುಂಗೈ ಹಿಡಿದಳು. ಸುತ್ತ ನಿಂತವರು ಫೋನು ಎತ್ತಿದರು.

"ನಿಜ ಹೇಳು ಅಣ್ಣ. ಅದು ಮುಟ್ಟೋದು ನಿನಗೆ ಬೇಕೋ, ಬೇಡವೋ?"

ಅವನು ದನಿ ತಗ್ಗಿಸಿದ.

"ನಿದ್ದೆ ಮಾಡೋಕೂ ಭಯ ಲಾನಕ್ಕ. ಸಾಕಾಗಿದೆ. ಏನಾದರೂ ಒಂದು ಆಗಿಬಿಡಲಿ."

ಮಾರನೆಯ ದಿನ ಹಳದಿ ರವಿಕೆಯೊಂದರ ತೋಳು ತಂದ. "ಒಗೆದಿಲ್ಲ," ಎಂದ. ಲಾನ್ ಕೈ ಚಾಚಿದಳು. ಅವನ ಬೆರಳು ಸಡಿಲಾಗಲಿಲ್ಲ. ಅವಳೇ ಮೆಲ್ಲಗೆ ಬಿಡಿಸಿಕೊಳ್ಳಬೇಕಾಯಿತು.

ಹೆತ್ತ ಮಗಳಿಗೆ ಮಾಡುವಂತೆ ಮಾಡಿದಳು. ಗಾಜಿನ ಜಾಗಕ್ಕೆ ಬೆಳ್ಳಿ ಕಾಗದ, ಅದರ ಹಿಂದೆ ಹಳದಿ ಚೂರು. ಸುಡುವಾಗ ಗಾಳಿಯಿರಲಿಲ್ಲ. ಉರಿ ನೆಟ್ಟಗೆ ನಿಂತಿತು.

ಆಮೇಲೆ ಕೆಲವು ದಿನ ಅವನ ಸುಳಿವಿಲ್ಲ. ಲಾನ್ ದಿನವೂ ಬಾಗಿಲ ಕಡೆ ನೋಡುತ್ತಲೇ ಬಿದಿರು ಸೀಳಿದಳು.

ಬಂದವನು ಈ ಸಲ ಹೊಸ್ತಿಲಲ್ಲಿ ನಿಲ್ಲಲಿಲ್ಲ. ಒಳಗೆ ಬಂದು, ಬಿದಿರಿನ ಸಿಬಿರುಗಳ ನಡುವೆ ಮಣೆಯ ಮೇಲೆ ಕುಳಿತ. ಅಂಗಿಯ ಗುಂಡಿಗಳು ಅದಲುಬದಲಾಗಿದ್ದವು.

"ಮುಟ್ಟಿತು," ಎಂದ.

"ಕೇಳಿದ್ರಾ!" ಲಾನ್ ಬೀದಿಗೆ ಓಡಿದಳು. "ಮುಟ್ಟಿತಂತೆ! ಈಗ ತೆಗೀರಿ ನಿಮ್ಮ ವಿಡಿಯೋ!"

ಆಹ್ ಸೂನ್ ಸೌಟಿನಿಂದ ಪಾತ್ರೆ ಬಡಿದ. ಜನ ಬಾಗಿಲಲ್ಲಿ ನೆರೆದರು. ಯಾರೋ ಚಪ್ಪಾಳೆ ಹೊಡೆದರು.

"ಏನಂದ್ಲು ಮಗಳು?" ಲಾನ್ ಒಳಗೆ ಬಂದು ಕೇಳಿದಳು.

"ಫೋನು ಕಿವಿಗೆ ಇಟ್ಕೊಂಡಿದ್ಲು. ಅಪ್ಪಾ, ಈಗ ಚೆನ್ನಾಗಿ ಕೇಳಿಸ್ತಿದೆ ಅಂದ್ಲು."

"ಮತ್ಯಾಕೆ ಹೀಗೆ ಕೂತಿದ್ದೀಯ? ಸಂತೋಷಪಡು ಮಾರಾಯ!"

ಚೆಂಗ್ ಹುವಾತ್ ತಲೆಯೆತ್ತಿದ. "ಅವಳು ಸತ್ತಿದ್ದಾಳೆ ಅಂತ ನಾನು ಯಾವತ್ತು ಹೇಳಿದ್ದೆ ಲಾನಕ್ಕ? ಕೆಲಸಕ್ಕೆ ಅಂತ ಗಡಿ ದಾಟಿ ಹೋದವಳು, ನಿನ್ನೆವರೆಗೂ ಕಾಣೆಯಾಗಿದ್ಲು, ಅಷ್ಟೇ."