ಹೊರಗೆ ಕೂತ ಮೂರು ದಿನ

ಹಿತ್ತಿಲ ಕೋಣೆಯ ಚಾಪೆಯ ಮೇಲೆ ಕೂತು ಅವಳು ಸೀರೆಗೆ ಕುಚ್ಚು ಕಟ್ಟುತ್ತಿದ್ದಳು. ಮುಟ್ಟಾದ ಹೆಂಗಸು ಮೂರು ದಿನ ಅಲ್ಲೇ ಇರಬೇಕೆಂಬುದು ಆ ಮನೆಯ ಕಟ್ಟಳೆ. ಅದು ಮೂರನೆಯ ದಿನ. ಅತ್ತೆ ಮೈಲಿಗೆ ತಾಗದಂತೆ ಹೊಸಿಲಾಚೆಯೇ ನಿಂತು, ಆಸ್ಪತ್ರೆಯ ಕಾಗದವನ್ನು ಅವಳ ಮುಂದೆ ಎಸೆದರು.

"ರುಜು ಹಾಕು. ಭ್ರೂಣದಲ್ಲೇ ಜೀನ್ ತಿದ್ದಿ, ನಿನ್ನ ಬಣ್ಣ ಮಗೂಗೆ ಬರದ ಹಾಗೆ ಮಾಡ್ತಾರೆ. ಬಣ್ಣಕ್ಕೆ ಅಂದ್ರೆ ಕಾನೂನು ಬಿಡಲ್ವಂತೆ. ಅದಕ್ಕೇ ನಿನಗೆ ಚರ್ಮದ ಕಾಯಿಲೆ ಅಂತ ಬರೆಸಿದೀನಿ."

"ನನಗೆಲ್ಲಿದೆ ಅತ್ತೆ, ಕಾಯಿಲೆ?"

"ಕನ್ನಡಿ ನೋಡ್ಕೋ."

"ಇವರು ಒಪ್ಪಿದಾರಾ?"

"ಆ ಡಾಕ್ಟರನ್ನ ಹುಡುಕಿದ್ದೇ ಅವನು. ಇನ್ನೇನು ಆಷಾಢ ಬಂತು, ಅದರಲ್ಲಿ ಇಂಥದ್ದೆಲ್ಲ ಶುರು ಮಾಡಬಾರದು. ಶ್ರಾವಣ ಬರ್ಲಿ, ಕರ್ಕೊಂಡು ಹೋಗ್ತೀನಿ."

"ಅಷ್ಟರಲ್ಲಿ ತಾನಾಗೇ ಬಸಿರಾದ್ರೆ?"

"ತೆಗೆಸೋದು! ಈ ಮನೇಲಿ ಇನ್ನೊಂದು ಕರಿ ಮೂತಿ ಹುಟ್ಟಕೂಡದು ಅಂತ ಮೊದಲಿಂದ್ಲೂ ಹೇಳಿಲ್ವಾ? ತಿಂಗಳು ತಿಂಗಳೂ ನೀನು ಹೊರಗೆ ಕೂರೋದು ನೋಡ್ತಾನೇ ಇದೀನಲ್ಲ, ಆ ಭಯ ನನಗಿಲ್ಲ ಬಿಡು."

ಅವಳು ರುಜು ಹಾಕಿ, ಕಾಗದವನ್ನು ಹೊಸಿಲ ಕಡೆಗೆ ತಳ್ಳಿದಳು. ಅತ್ತೆ ಅದರ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ, ತುದಿಬೆರಳಲ್ಲಿ ಎತ್ತಿಕೊಂಡು ಹೋದರು.

ಹೆಜ್ಜೆ ಸದ್ದು ಅಡುಗೆಮನೆ ಸೇರಿದ ಮೇಲೆ, ಅವಳು ನಾಲ್ಕು ತಿಂಗಳು ತುಂಬಿದ ಹೊಟ್ಟೆಯ ಮೇಲೆ ಸೆರಗು ಹೊದ್ದುಕೊಂಡು, ಆಷಾಢದಲ್ಲೂ ಹೀಗೆಯೇ ಮೂರು ದಿನ ಹೊರಗೆ ಕೂರುವುದೆಂದು ನಿಶ್ಚಯಿಸಿದಳು.