ರೇವವ್ವನ ಮನಸ್ಸು ಕರಗಿದ್ದು

ಟಿ.ವಿ.ಯಲ್ಲಿ ಅತ್ತೆ ಸೊಸೆಯ ಮುಂದಿನ ಅನ್ನದ ತಟ್ಟೆ ಕಿತ್ತುಕೊಂಡು ನಾಯಿಗೆ ಹಾಕಿದ್ದೇ ತಡ, ಗುಡಗೇರಿಯ ರೇವವ್ವನ ಮನೆಯ ಪಡಸಾಲೆಯಲ್ಲಿ ಕೂತಿದ್ದ ಹತ್ತು ಹನ್ನೆರಡು ಹೆಂಗಸರು ಒಟ್ಟಿಗೆ ನೆಟಿಕೆ ಮುರಿದರು. ಸಿನಿಮಾ ಹಿಂದಿಯದು. ನೆರೆಮನೆಯ ರಜಿಯಾಬಿಯೊಬ್ಬಳನ್ನು ಬಿಟ್ಟರೆ ಅಲ್ಲಿ ಯಾರಿಗೂ ಆ ಭಾಷೆಯ ಗಂಧವಿಲ್ಲ. ಆದರೂ ಅತ್ತೆ ಯಾರೆಂದು ಯಾರೂ ಕೇಳಲಿಲ್ಲ. ಗಂಟು ಹಾಕಿದ ಹುಬ್ಬು, ದೊಡ್ಡ ಗಂಟಲು, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು, ಬಂದಳೆಂದರೆ ಹಿಂದಿನಿಂದ ಢಂ ಎಂದು ವಾದ್ಯ. ಹೋದ ತಿಂಗಳು ತೋರಿಸಿದ ತಮಿಳು ಸಿನಿಮಾದ ಅತ್ತೆಯೂ ಇವಳ ಒಡಹುಟ್ಟಿದವಳಂತೆಯೇ ಇದ್ದಳು.

ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ ಗೌರಕ್ಕ ಟಿ.ವಿ.ಯ ಅತ್ತೆಯನ್ನೊಮ್ಮೆ, ಮುಂದೆ ಕೂತಿದ್ದ ತನ್ನ ಅತ್ತೆ ರೇವವ್ವನ ಬೆನ್ನನ್ನೊಮ್ಮೆ ನೋಡಿದಳು. ಯರಗುಪ್ಪಿಯ ಶಾಲೆಯಲ್ಲಿ ಶಿಕ್ಷಕಿಯಾಗಿ ಸೇರಿಕೊಳ್ಳಬೇಕೆಂದು ಅವಳಿಗೆ ಆರ್ಡರು ಬಂದು ಹದಿನಾಲ್ಕು ದಿನವಾಗಿತ್ತು. ನಾಳೆ ಸೋಮವಾರ ಹೋಗದಿದ್ದರೆ ನೌಕರಿ ಬೇರೆಯವರ ಪಾಲು. ಇಂಥದ್ದನ್ನು ಸೊಸೆಯಾದವಳು ತಾನೇ ಬಾಯಿಬಿಟ್ಟು ಹಿರಿಯರನ್ನು ಕೇಳುವ ಪದ್ಧತಿ ಆ ಮನೆಯಲ್ಲಿಲ್ಲ. ಏನಿದ್ದರೂ ಗಂಡನ ಬಾಯಿಂದಲೇ ಹೋಗಬೇಕು. ಗಂಡ ಶಂಭುಲಿಂಗಪ್ಪ ಒಳ್ಳೆಯವನೇ. "ಅವ್ವನ್ನ ನಾ ಒಪ್ಪಸ್ತೇನಿ, ನೀ ಸುಮ್ಮನಿರು" ಎಂದು ಆರ್ಡರನ್ನು ಮಡಿಸಿ ತನ್ನ ಕಿಸೆಗೆ ಇಟ್ಟುಕೊಂಡಿದ್ದ. ಆಮೇಲೆ ಕೇಳಿದಾಗಲೆಲ್ಲ ಅವನದು ಒಂದೇ ಮಾತು: "ಎಷ್ಟ ಹೇಳಿದ್ರೂ ಒಪ್ಪವಲ್ಲಳು. ಆಕಿ ಸ್ವಭಾವ ಗೊತ್ತೈತೆಲ್ಲ ನಿನಗ."

ಅವಳಿಗೆ ಎಲ್ಲಿ ಗೊತ್ತು? ಮದುವೆಯಾಗಿ ಎಂಟು ತಿಂಗಳು. ರೇವವ್ವನದು ಮಾತು ಕಡಿಮೆ, ಗಂಟಲು ದೊಡ್ಡದು, ಸೊಂಟದಲ್ಲಿ ಬೀಗದ ಕೈ ಬೇರೆ. ಗೌರಕ್ಕನಿಗೆ ಅಷ್ಟೇ ಸಾಕಾಗಿತ್ತು. ಸಿನಿಮಾದ ಸೊಸೆಯರಂತೆ ಹದಿನಾಲ್ಕು ದಿನ ಅತ್ತೆಯ ಕಾಲಿಗೆ ಎಣ್ಣೆ ತಿಕ್ಕಿದಳು, ಸೆರಗು ಜಾರಗೊಡಲಿಲ್ಲ, ಒಲೆಯ ಮುಂದೆ ಕೂತು ಸದ್ದಿಲ್ಲದೆ ಅತ್ತಳು.

ಈಗ ಶಂಭುಲಿಂಗಪ್ಪನೂ ಅಳುತ್ತಿದ್ದ. ಕುರ್ಚಿಯ ಮೇಲೆ ಕೂತು, ಸಿನಿಮಾದ ಸೊಸೆಯ ಪಾಡು ನೋಡಲಾರದೆ ಟವಲಿನಿಂದ ಕಣ್ಣೊರೆಸಿಕೊಂಡು "ಹಿಂತಾ ಅತ್ತಿ ಇರಬಾರದ ನೋಡ್ರಿ" ಎಂದ.

"ಸೊಸಿ ಹೊರಗ ಹೋದ್ರ ಕಾಲ ಮುರೀತೇನಿ ಅಂತಾಳ" ಎಂದು ರಜಿಯಾಬಿ ಹಿಂದಿಯನ್ನು ಕನ್ನಡಕ್ಕೆ ತಿರುಗಿಸಿದಳು. ತಿರುಗಿಸುತ್ತಲೇ ರೇವವ್ವನ ಕಡೆ ಹೊರಳಿ ನಕ್ಕಳು. "ಇಕಿನೂ ನಿನ್ನಂಗ ಅದಾಳ ನೋಡ, ರೇವವ್ವಾ."

"ನಾ ಏನ ಮಾಡೇನಿ?"

"ಸೊಸಿಗೆ ಸಾಲ್ಯಾಗ ನೌಕರಿ ಬಂದ್ರ ನೀ ಕಳಸವಲ್ಲಿ ಅಂತಲ್ಲ. ಟಪಾಲ ತಂದಾಂವ ನಮ್ಮ ಹಜರತಅಲಿನ. ನಿನ್ನ ಮಗಾನ ಅವನ ಮುಂದ ಹೇಳ್ಯಾನ."

ಅಷ್ಟರಲ್ಲಿ ಸಿನಿಮಾ ನಿಂತು ವಾರ್ತೆ ಶುರುವಾಯಿತು. ರೇವವ್ವ ಎದ್ದಳು, ಬೀಗದ ಕೈಗಳು ಝಣ್ ಎಂದವು. ಅತ್ತೆ ನೇರ ತನ್ನ ಕಡೆಗೇ ಬರುವುದನ್ನು ನೋಡಿ ಗೌರಕ್ಕ ಸೆರಗು ಎಳೆದುಕೊಂಡು ಒಳಗೆ ಸರಿದಳು.

ರೇವವ್ವ ಅಡುಗೆಮನೆಯ ಬಾಗಿಲು ಮುಂದೆ ಮಾಡಿದಳು. "ನಿನಗ ನೌಕರಿ ಬಂದೈತೇನಬೇ?"

"ಹೂಂನ್ರಿ. ನಾಳೆ ಕಡೀ ದಿನಾರಿ."

"ನನಗ್ಯಾಕ ಹೇಳಲಿಲ್ಲ?"

"ಅವರು ಕೇಳಿದ್ರಂತ. ನೀವ ಬ್ಯಾಡ ಅಂದ್ರಂತ..."

"ಶಂಭ್ಯಾ, ಬಾ ಇಲ್ಲೆ" ಎಂದು ರೇವವ್ವ ಕರೆದಳು. ಶಂಭುಲಿಂಗಪ್ಪ ಬಂದ. ಕಣ್ಣುಗಳು ಇನ್ನೂ ಕೆಂಪಗಿದ್ದವು.

"ನಾ ಯಾವಾಗ ಬ್ಯಾಡ ಅಂದೆನೋ?"

"ಹಂಗಲ್ಲಬೇ ಯವ್ವಾ. ಹೆಂಗೂ ನೀ ಬ್ಯಾಡ ಅಂತಿದ್ದಿ ಅಂತ ನಾನ... ಮನ್ಯಾಗ ನೀನೂ ಒಬ್ಬಾಕಿನ ಆಗ್ತಿ."

"ನಿಮ್ಮಪ್ಪ ಹೋಗಿ ಇಪ್ಪತ್ತ ವರ್ಷಾತು. ಒಬ್ಬಾಕಿನ ಹೊಲಾ ಮಾಡಿಸಿ ನಿನ್ನ ಓದಸೇನಿ. ನಾ ಒಬ್ಬಾಕಿ ಅನ್ನೂದು ಇವತ್ತ ನೆನಪಾತೇನ? ಮಧ್ಯಾಹ್ನ ಬಿಸಿರೊಟ್ಟಿ ತಪ್ಪತಾವು ಅಂತ ಹೇಳು. ಅದಕ್ಕ ನನ್ನ ಹೆಸರ ಯಾಕ?"

ಗೌರಕ್ಕನಿಗೆ ಮೊದಲು ನಾಚಿಕೆಯಾಯಿತು. ಎರಡು ವಾರ ಯಾರ ಕಾಲು ತಿಕ್ಕುತ್ತ ಯಾರನ್ನು ಮನಸ್ಸಿನಲ್ಲೇ ಶಪಿಸಿದ್ದಳೋ ಅವರಿಗೆ ಸುದ್ದಿಯೇ ಗೊತ್ತಿರಲಿಲ್ಲ. ನಾಚಿಕೆಯ ಹಿಂದೆಯೇ ಸಿಟ್ಟು ಬಂತು. ಅದು ಮಾತ್ರ ಸರಿಯಾದ ಮನುಷ್ಯನ ಮೇಲೆಯೇ ಬಂತು.

ರೇವವ್ವ ಕೈ ಚಾಚಿದಳು. ನಾಲ್ಕು ಮಡಿಕೆಯ ಆರ್ಡರು ಕಿಸೆಯಿಂದ ಹೊರಬಂದು ಅವಳ ಕೈಗೆ, ಅವಳ ಕೈಯಿಂದ ಗೌರಕ್ಕನ ಕೈಗೆ ಬಂತು. "ಮುಂಜಾನೆ ಬಸ್ಸಿಗೆ ನಾನೂ ಬರ್ತೇನಿ. ಇವಗ ತಣ್ಣಗಿನ ರೊಟ್ಟಿ ತಿನ್ನೂದ ನಾ ಕಲಸ್ತೇನಿ ತಗೋ."

ವಾರ್ತೆ ಮುಗಿದು ಸಿನಿಮಾ ಮತ್ತೆ ಶುರುವಾಯಿತು. ಕೊನೆಗೆ ಆ ಅತ್ತೆ ಗೊಳೋ ಎಂದು ಅತ್ತು ಸೊಸೆಯ ಕಾಲಿಗೆ ಬಿದ್ದಳು. ಹೆಂಗಸರು ಸಮಾಧಾನದಿಂದ ಮನೆಗೆ ಹೋದರು.

ಸೋಮವಾರ ಸಂಜೆ ಶಾಲೆಗೆ ಹಾಜರಾಗಿ ಬಸ್ಸಿಳಿದ ಗೌರಕ್ಕ ಅತ್ತೆಯ ಹಿಂದೆ ಓಣಿಗೆ ತಿರುಗಿದಾಗ ಕಟ್ಟೆಯ ಮೇಲಿನ ಹೆಂಗಸರು ಮಾತಾಡುವುದು ಕೇಳಿಸಿತು.

"ಸಿನಿಮಾ ನೋಡಿ ರೇವವ್ವನ ಮನಸ್ಸ ಕರಗೇತಿ ನೋಡ್ರಿ. ಟಿ.ವಿ. ತಂದದ್ದು ಚಲೋನ ಆತು."

"ಶಂಭಣ್ಣ, ಪಾಪ. ಹಂತಾ ಅವ್ವನ ಕೂಡ ಎಷ್ಟ ಗುದ್ದ್ಯಾಡ್ಯಾನೋ ಏನೋ."

ರೇವವ್ವ ಕೇಳಿಯೂ ಕೇಳದವಳಂತೆ ನಡೆದಳು. ಗೌರಕ್ಕ ಮಾತ್ರ ನಿಂತಳು. ಕಟ್ಟೆಯ ತುದಿಗೆ ಶಂಭುಲಿಂಗಪ್ಪನೇ ಕೂತಿದ್ದ. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಹೆಗಲ ಮೇಲಿನ ಟವಲು ತೆಗೆದು ಮೆಲ್ಲಗೆ ಕಣ್ಣೊರೆಸಿಕೊಂಡ.