ಕಟುಕನಿಗೆ ಚಪ್ಪಾಳೆ

"ಇವತ್ತು ಯಾರಾದ್ರೂ ಬಾಯಿ ಬಿಟ್ರೆ ತುಟಿಗೆ ಹೊಲಿಗೆ ಹಾಕ್ತೀನಿ," ಎಂದಳು ದರ್ಜಿ ಅಕ್ಕ. "ಎಲ್ರೂ ಎದ್ದು ನಿಂತು ಚಪ್ಪಾಳೆ ಹೊಡೀರಿ."

ಪೂರ್ವದ ಗ್ಯಾಲರಿಯ ಎರಡು ಸಾವಿರ ಜನ ಕಕ್ಕಾಬಿಕ್ಕಿಯಾದರು. ಎದುರಾಳಿ ಫುಟ್‌ಬಾಲ್ ತಂಡದ ಮ್ಯಾನೇಜರ್ ಮೈದಾನಕ್ಕೆ ಕಾಲಿಡುವ ಹೊತ್ತು ಅದು. ಒಂಬತ್ತು ವರ್ಷಗಳಿಂದ ಆ ಹೊತ್ತಿಗೆ ಸರಿಯಾಗಿ ಅವನ ಮೂರು ತಲೆಮಾರನ್ನು ಜಾಲಾಡುವುದು ಅವರ ಪದ್ಧತಿ. ಬೈಗುಳಕ್ಕೆ ತಾಳ ಹಾಕುವವಳೇ ದರ್ಜಿ ಅಕ್ಕ.

ಅವನಿಗೆ ಅವರಿಟ್ಟ ಹೆಸರು ಕಟುಕ. ಪೆಟ್ಟಾದ ಆಟಗಾರನ ಮಂಡಿಗೆ ನೋವು ಮರೆಸುವ ಸೂಜಿ ಹಾಕಿಸಿ ಮೈದಾನಕ್ಕೆ ದೂಡುವವನು. ಹಾಗೆ ಆಡಿದ ಮೂವರು ಈಗ ಊರುಗೋಲು ಹಿಡಿದಿದ್ದಾರೆ. ಪತ್ರಕರ್ತರು ಕೇಳಿದ್ದಕ್ಕೆ ಅವನು ನಕ್ಕಿದ್ದ: "ಮಂಡಿ ಎರಡಿದಾವೆ. ಕಪ್ ಒಂದೇ." ಆ ಒಂದು ಕಪ್ ನಾಲ್ಕು ಸಲ ಅವನ ಪಾಲಾಗಿತ್ತು.

ಚಪ್ಪಾಳೆಯ ಉಪಾಯ ಹುಟ್ಟಿದ್ದು ಅಕ್ಕನ ಅಂಗಡಿಯಲ್ಲಿ, ಹಿಂದಿನ ವಾರ.

"ಅವನು ಮನುಷ್ಯನೇ ಅಲ್ಲ ಬಿಡಿ," ಎಂದಿದ್ದ ಬೇಕರಿಯವನು.

"ಆದ್ರೂ ಗೆಲ್ತಾನಲ್ಲ," ಎಂದ ಪೋಸ್ಟ್‌ಮ್ಯಾನ್. "ನಮ್ಮ ಮೇಷ್ಟ್ರು ನೋಡಿ, ಆಟಗಾರ ಸೀನಿದ್ರೂ ರಜೆ ಕೊಡ್ತಾರೆ."

ಮೇಷ್ಟ್ರೆಂದರೆ ಇವರದೇ ತಂಡದ ಮ್ಯಾನೇಜರ್, ಮುದುಕ. ಪೋಸ್ಟ್‌ಮ್ಯಾನ್‌ನ ಮಾತಿಗೆ ಅಕ್ಕ ಕತ್ತರಿ ಕೆಳಗಿಟ್ಟು ದುರುಗುಟ್ಟಿ ನೋಡಿದಳು. ಆ ರಜೆಯಲ್ಲಿದ್ದವನು ಅವಳ ತಮ್ಮ. ಎಡಗಡೆ ಆಡುವ ಹುಡುಗ. ಮಂಡಿಗೆ ಶಸ್ತ್ರಚಿಕಿತ್ಸೆಯಾಗಿ ಹದಿನೈದು ದಿನ. ಇನ್ನು ಮೂರು ತಿಂಗಳು ಚೆಂಡು ಮುಟ್ಟಿದರೆ ಕಾಲು ಹೋದಂತೆ ಎಂದು ಡಾಕ್ಟರು ಹೇಳಿದ್ದರು. ಅಪ್ಪ ಅಮ್ಮ ಇಲ್ಲದ ಆ ಹುಡುಗನನ್ನು ಅವಳು ಹೊಲಿಗೆ ಯಂತ್ರ ತುಳಿದು ಬೆಳೆಸಿದ್ದಳು. ಮದುವೆಯ ಮಾತೆತ್ತಿದವರಿಗೆಲ್ಲ ಅವನನ್ನೇ ತೋರಿಸಿ ಕಳಿಸಿದ್ದಳು.

"ಬೈದೂ ಬೈದೂ ನಾವೇ ಅವನನ್ನ ದೊಡ್ಡವನ್ನ ಮಾಡಿದ್ವಿ," ಎಂದಳು. "ನಾವು ಬೈದಷ್ಟೂ ಅವರ ಕಡೆಯವರು ತಲೆ ಮೇಲೆ ಹೊತ್ಕೋತಾರೆ. ಒಬ್ಬಳ ಗಂಡನ್ನ ಮನೆಯಿಂದ ಓಡಿಸಬೇಕು ಅಂದ್ರೆ ಬೈಯಬಾರದು ಕಣ್ರೋ. ಪಕ್ಕದ ಮನೆಯವಳು ನಾಲ್ಕು ದಿನ ಹೊಗಳಿದ್ರೆ ಸಾಕು."

ಹಾಗೆ ಹೊಗಳಿದರು. ಎರಡು ಸಾವಿರ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಕ್ಕ ಹೊಲಿದ ಮೂವತ್ತು ಅಡಿ ಬಟ್ಟೆ ಬಿಚ್ಚಿಕೊಂಡಿತು: ನಿಮ್ಮಂಥವರು ಇನ್ನೊಬ್ಬರಿಲ್ಲ. ಕಟುಕ ಕಣ್ಣು ಕಿರಿದು ಮಾಡಿದ. ಆಮೇಲೆ ಏನು ಮಾಡುವುದೆಂದು ತೋಚದೆ ಕೈಯನ್ನು ಅರ್ಧ ಎತ್ತಿದ. ಗಾಜಿನ ಕೋಣೆಯಲ್ಲಿ ಕೂತಿದ್ದ ಇವರ ತಂಡದ ಮಾಲೀಕ ಕೂಡ ಎದ್ದು ನಿಂತು ನೋಡಿದ. ಅವನು ಟೈಲ್ಸ್ ವ್ಯಾಪಾರಿ, ಆಟದ ಗಂಧಗಾಳಿಯಿಲ್ಲ. ಮೈದಾನಕ್ಕಿಂತ ಗ್ಯಾಲರಿಯನ್ನೇ ಹೆಚ್ಚು ನೋಡುತ್ತಿದ್ದ. ಗಿರಾಕಿ ಮೆಚ್ಚಿದ್ದೇ ಒಳ್ಳೇ ಮಾಲು ಎಂಬುದು ಅವನಿಗೆ ಗೊತ್ತಿದ್ದ ಒಂದೇ ಶಾಸ್ತ್ರ.

ಆ ದಿನ ಕಟುಕನ ತಂಡ ಸೋತಿತು. ಮರುದಿನ ಪತ್ರಿಕೆಯಲ್ಲಿ ಅವನು ಅರ್ಧ ಕೈ ಎತ್ತಿ ನಿಂತ ಫೋಟೋ ಬಂತು. ಅಕ್ಕ ಆ ಹಾಳೆಯನ್ನು ಅಂಗಡಿಯ ಗೋಡೆಗೆ ಸಿಕ್ಕಿಸಿದಳು, ಎರಡು ಗುಂಡುಸೂಜಿ, ಬೇಕೆಂದೇ ಎರಡು ಮಂಡಿಗೆ.

ಮುಂದಿನದು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸು. ಬೇಕರಿಯವನು ಅವನ ಹುಟ್ಟುಹಬ್ಬಕ್ಕೆ ಕೇಕ್ ಕಳಿಸಿ ಪತ್ರಿಕೆಯವರಿಗೂ ಸುದ್ದಿ ಮುಟ್ಟಿಸಿದ. ಪೋಸ್ಟ್‌ಮ್ಯಾನ್ ವಾರಕ್ಕೆ ಐವತ್ತು ಅಭಿಮಾನದ ಕಾಗದ ಹಾಕಿಸಿದ. ಅವನ ಕಡೆಯವರ ತಲೆಗೆ ಅನುಮಾನದ ಹುಳ ಹೊಕ್ಕಿತು. ಶತ್ರುಗಳು ಇಷ್ಟು ಮುದ್ದು ಮಾಡುವುದೇಕೆ? ಬೇಕೆಂದೇ ಸೋತನೆ? ಇನ್ನೆರಡು ಪಂದ್ಯ ಸೋತ ಮೇಲೆ ಅವನ ಮನೆಯ ಕಿಟಕಿಗೆ ಕಲ್ಲು ಬಿತ್ತು. ಹೆಂಡತಿ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೋದಳು. ಆತ ಚಪ್ಪಲಿ ಮೆಟ್ಟಿಕೊಂಡು ಒಬ್ಬನೇ ಗಾಜು ಗುಡಿಸುವ ವಿಡಿಯೋವನ್ನು ಬೇಕರಿಯವನು ಫೋನಿನಲ್ಲಿ ತೋರಿಸಿದ. ಅಂಗಡಿಯಲ್ಲಿ ಎಲ್ಲರೂ ನಕ್ಕರು. ಅಕ್ಕ ಇನ್ನೊಮ್ಮೆ ಹಾಕಿಸಿಕೊಂಡು ನಕ್ಕಳು.

"ಸಾಕು ಬಿಡಕ್ಕ, ಪಾಪ," ಎಂದ ತಮ್ಮ, ದಿಂಬಿನ ಮೇಲೆ ಕಾಲಿಟ್ಟು ಕೂತಿದ್ದವನು.

"ನೀನು ಕಾಲು ಅಲ್ಲಾಡಿಸ್ದೆ ಕೂತ್ಕೋ. ನಿಂದಷ್ಟೇ ನೋಡ್ಕೋ."

ಗುರುವಾರ ಕಟುಕನನ್ನು ಅವನ ತಂಡ ಕಿತ್ತೆಸೆಯಿತು. ಅಕ್ಕನ ಹೊಟ್ಟೆ ತಣ್ಣಗಾಯಿತು.

ಸೋಮವಾರ ಮಧ್ಯಾಹ್ನ ಅಂಗಡಿಯ ಮುಂದೆ ದೊಡ್ಡ ಕಾರು ನಿಂತಿತು. ಮಾಲೀಕ ಹಲ್ಲು ಕಿರಿಯುತ್ತ ಒಳಗೆ ಬಂದ. ಗೋಡೆಯ ಮೇಲಿನ ಹಾಳೆ ಕಂಡು ಅವನ ಮುಖ ಇನ್ನಷ್ಟು ಅರಳಿತು.

"ಫೋಟೋ ಬೇರೆ ಹಾಕ್ಕೊಂಡಿದೀರಿ! ನಾನು ಹೇಳ್ಲಿಲ್ವಾ?" ಎಂದು ಬಾಗಿಲ ಕಡೆ ತಿರುಗಿದ. "ಗಿರಾಕಿ ಕೇಳಿದ ಮಾಲು ತರಿಸಿಕೊಡೋದು ನನ್ನ ಧರ್ಮ ಅಮ್ಮ. ಮೇಷ್ಟ್ರನ್ನ ನಿನ್ನೆನೇ ಮನೆಗೆ ಕಳಿಸ್ದೆ."

ಬಾಗಿಲಲ್ಲಿ ಕಟುಕ ನಿಂತಿದ್ದ. ಗಡ್ಡ ಬೆಳೆದಿತ್ತು, ಕಣ್ಣು ತುಂಬಿತ್ತು. ನೇರವಾಗಿ ಬಂದು ಅವಳ ಎರಡೂ ಕೈ ಹಿಡಿದುಕೊಂಡ.

"ನನ್ನೋರೇ ಕಲ್ಲು ಹೊಡೆದಾಗ ನನ್ನ ಕೈ ಹಿಡಿದೋರು ನೀವೊಬ್ರೇ. ನನ್ನ ಕೈಲಾದ್ದು ಒಂದೇ. ಭಾನುವಾರ ನಿಮ್ಮ ತಮ್ಮ ಮೊದಲ ನಿಮಿಷದಿಂದ ಆಡ್ತಾನೆ. ಬೆಳಿಗ್ಗೆನೇ ಮೈದಾನಕ್ಕೆ ಕರೆಸಿ ಮೊದಲ ಸೂಜಿ ಹಾಕಿಸ್ದೆ. ಹುಡುಗ ಹಿಂದೆಮುಂದೆ ನೋಡ್ದ. ನಿಮ್ಮಕ್ಕನ ಆಸೆ ಕಣೋ ಅಂದೆ, ತಾನೇ ಕಾಲು ಚಾಚ್ದ. ಈಗ ಅಲ್ಲಿ ಓಡ್ತಿದಾನೆ."

"ಅವನ ಮಂಡಿ..." ಎಂದಳು ಅಕ್ಕ.

"ಎರಡಿದಾವಲ್ಲ ಅಮ್ಮ," ಎಂದು ಕಟುಕ ಅವಳ ಕೈಗಳನ್ನು ಕಣ್ಣಿಗೊತ್ತಿಕೊಂಡ.